ಐದು ಸೋಲಿನ ಮಾರ್ಚ್

ನಮ್ಮ ನಾಗನೂರಿನಲ್ಲಿ ಮಾರ್ಚ್ ಎಂದರೆ ಪರೀಕ್ಷೆಯ ತಿಂಗಳು. 2023ರಲ್ಲಿ ಮಾತ್ರ ಆ ಕೆಲಸ ಬದಿಗಿಟ್ಟು ಟಿ.ವಿ. ಮುಂದೆ ಕೂತೆ. ಮಹಿಳೆಯರ ಪ್ರೀಮಿಯರ್ ಲೀಗ್ ಆ ವರ್ಷವೇ ಶುರುವಾಗಿತ್ತು. ಸ್ಮೃತಿ ಮಂಧಾನಳಿಗೆ 3.4 ಕೋಟಿ ಕೊಟ್ಟ ನಮ್ಮ ಬೆಂಗಳೂರು ತಂಡ ಸೋಲುವುದುಂಟೆ? ಸೋತಿತು, ಸಾಲಾಗಿ ಐದು ಪಂದ್ಯ. ಒಂದನ್ನಂತೂ ಉತ್ತರ ಪ್ರದೇಶದ ತಂಡ ವಿಕೆಟ್ಟೇ ಕಳೆದುಕೊಳ್ಳದೆ ಮುಗಿಸಿತು.

"ಅಕ್ಕೋರ, ಹೆಣ್ಮಕ್ಕಳ ಆಟ ಇಷ್ಟ ನೋಡ್ರಿ" ಎಂದರು ಒಬ್ಬ ಮಾಸ್ತರರು. 2019ರಲ್ಲಿ ಗಂಡಸರ ತಂಡ ಮೊದಲ ಆರೂ ಪಂದ್ಯ ಸೋತಾಗ ಅವರು ಹೀಗೆ ಅಂದಿರಲಿಲ್ಲ!

ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಭಾರತದ ಮಹಿಳೆಯರು ಪಟ್ನಾದಲ್ಲಿ ಮೊದಲ ಟೆಸ್ಟ್ ಗೆದ್ದದ್ದು 1976ರಲ್ಲಿ. ನಾನಾಗ ಕುಂಟೆಬಿಲ್ಲೆ ಆಡುವ ಹುಡುಗಿ. ಆ ಸುದ್ದಿ ನನಗೆ ತಲುಪಿದ್ದು ನಾನೇ ಪಾಠ ಹೇಳುವ ವಯಸ್ಸಿನಲ್ಲಿ.

ಆರನೆಯ ಪಂದ್ಯ, ಮಾರ್ಚ್ 15. ಅದೇ ಉತ್ತರ ಪ್ರದೇಶದ ಎದುರು ಇಪ್ಪತ್ತರ ಹುಡುಗಿ ಕನಿಕಾ ಅಹುಜಾ 46 ಹೊಡೆದಳು. ಗೆದ್ದೆವು! ಆ ವರ್ಷ ಕಪ್ಪು ಬರಲಿಲ್ಲ, ನಿಜ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ ಕಿತ್ತಾಗ ಬಂತು.

ಮರುದಿನ ಅದೇ ಮಾಸ್ತರರು ಗೋಕಾಕದ ಕರದಂಟು ತಂದು ಮೇಜಿನ ಮೇಲಿಟ್ಟರು. ಏನೂ ಮಾತಾಡಲಿಲ್ಲ. ನಾನು ಎರಡು ತುಂಡು ತೆಗೆದುಕೊಂಡೆ.