ಬಿಸಿಲ್ಗುದುರೆ ಮತ್ತು ಬಂದೂಕು: ನಮ್ಮ ಸೀಮೆಯಲ್ಲಿ ಗುರಿ ಕಲಿತ ಕಥೆ

ಪೋಸ್ಟ್ 1/8

ಬೇಸಿಗೆ ರಜೆ ಶುರುವಾಯ್ತು ಅಂದ್ರೆ ಗ್ರೂಪ್‌ಗಳಲ್ಲಿ ಒಂದೇ ಮಾತು: "ಶನಿವಾರ, ಭಾನುವಾರ ಫೈರಿಂಗ್ ಪ್ರಾಕ್ಟೀಸ್ ಇಡೋಣ, ಕ್ಲಾಸ್ ಕಾಟ ಇರಲ್ಲ." ಐಡಿಯಾ ಚೆನ್ನಾಗೇ ಇದೆ. ಆದ್ರೆ ಇದು ಚಳ್ಳಕೆರೆ, ಮೊಳಕಾಲ್ಮೂರು ಸೀಮೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳ ಸಾಲಲ್ಲಿ ನಮ್ಮವು ಬರ್ತವೆ. ಏಪ್ರಿಲ್ ಮಧ್ಯಾಹ್ನ ಬಳ್ಳಾರಿ ರೋಡಲ್ಲಿ ನಿಂತು ನೋಡಿ. ದೂರದಲ್ಲಿ ಟಾರಿನ ಮೇಲೆ ನೀರು ನಿಂತಂಗೆ ಕಾಣುತ್ತೆ, ಹತ್ತಿರ ಹೋದ್ರೆ ಏನೂ ಇಲ್ಲ. ಅದಕ್ಕೆ ನಮ್ಮ ಭಾಷೆಯಲ್ಲಿ ಎಂಥಾ ಚಂದದ ಹೆಸರು: ಬಿಸಿಲ್ಗುದುರೆ.

ಗುರಿ ಇಡೋನಿಗೆ ಮೊದಲ ಶತ್ರು ಈ ಕುದುರೆ. ಎರಡನೇ ಶತ್ರು ಅವನದೇ ಬಿಸಿಯಾದ ಮೈ.

ಈ ನೆಲದಲ್ಲಿ ಬಿಲ್ಲು, ಕೋವಿ, ತುಪಾಕಿ ಹಿಡಿದವರ ಚರಿತ್ರೆ ತುಂಬಾ ಉದ್ದ. ಅದನ್ನ ಓದ್ತಾ ಹೋದಂಗೆ ನನಗೆ ಒಂದು ವಿಷಯ ಗಟ್ಟಿಯಾಯ್ತು: ಇಲ್ಲಿ ಗುರಿ ಕಲಿಯೋಕೆ ಮುಂಚೆ ಹೊತ್ತು ಕಲೀಬೇಕು. ಯಾವಾಗ ಹೊಡೀಬೇಕು ಅನ್ನೋದಕ್ಕಿಂತ ಯಾವಾಗ ಹೊಡೀಬಾರದು ಅನ್ನೋದು ದೊಡ್ಡ ಪಾಠ. ಅದು ಹೆಂಗೆ ಅಂತ ಈ ಎಂಟು ಪೋಸ್ಟ್‌ಗಳಲ್ಲಿ ಹೇಳ್ತೀನಿ.

ಪೋಸ್ಟ್ 2/8

ಮೊದಲು ಬ್ರಹ್ಮಗಿರಿಗೆ ಹೋಗೋಣ. ಮೊಳಕಾಲ್ಮೂರು ತಾಲ್ಲೂಕಿನ ಈ ಬಂಡೆಗಳ ಮಧ್ಯೆ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನ ಪತ್ತೆ ಹಚ್ಚಿದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹತ್ತಿರ ಹತ್ತಿರ ಮೂರು ಕಡೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶ ಅದು. ಬರೆದವನು ಚಪಡ, ತನ್ನ ಕಸುಬಿನ ಹೆಸರನ್ನ ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದು ಹೋಗಿದ್ದಾನೆ.

ಅದರ ಸಾರ ಏನು ಗೊತ್ತಾ? ತಂದೆ ತಾಯಿ ಮಾತು ಕೇಳಬೇಕು, ಜೀವ ಇರೋದರ ಮೇಲೆ ದಯೆ ಗಟ್ಟಿಯಾಗಿರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನ ಗೌರವಿಸಬೇಕು. ಸುಮಾರು 2,200 ವರ್ಷ ಹಳೇ ಮಾತು. ಬೇಟೆಯನ್ನೇ ಹೆಸರಲ್ಲಿ ಇಟ್ಕೊಂಡಿರೋ ಬೇಡ ಸಮುದಾಯದ ಸೀಮೆಯಲ್ಲೇ ಈ ಕಲ್ಲು ಇದೆ ಅನ್ನೋದು ನನಗಂತೂ ಸಣ್ಣ ವಿಷಯ ಅಲ್ಲ.

ಬೇಡರು ಅಂದ್ರೆ ಬರೀ ಬೇಟೆ ಅಂತ ತಿಳ್ಕೋಬೇಡಿ. ನಮ್ಮಲ್ಲಿ ಮ್ಯಾಸಬೇಡರು ಹುಲ್ಲುಗಾವಲಲ್ಲಿ ದನ ಸಾಕಿದವರು. ದೇವರ ಎತ್ತುಗಳ ಹಿಂಡನ್ನ ಇವತ್ತಿಗೂ ಕಿಲಾರಿಗಳು ಕಾಯ್ತಾರೆ. ದನದ ಹಿಂದೆ ಅಡ್ಡಾಡೋನಿಗೆ ಹೊತ್ತು ಯಾರೂ ಹೇಳ್ಕೊಡಬೇಕಾಗಿಲ್ಲ. ಬಿಸಿಲೇರೋಕೆ ಮುಂಚೆ ಮೇವು, ನಡು ಮಧ್ಯಾಹ್ನ ಮರದ ನೆರಳು, ಬಿಸಿಲು ಇಳಿದ ಮೇಲೆ ಮತ್ತೆ ಬಯಲು. ಬಯಲಿನ ಕಾಡುಪ್ರಾಣಿಗಳದ್ದೂ ಅದೇ ಟೈಮ್‌ಟೇಬಲ್ಲು. ನಡು ಮಧ್ಯಾಹ್ನ ಬಿಲ್ಲು ಹಿಡಿದು ಓಡಿದ್ರೆ ಬೆವರು ಬಿಟ್ರೆ ಬೇರೇನೂ ಸಿಗಲ್ಲ. (ಇವತ್ತು ಬೇಟೆ ಅಪರಾಧ. 1972ರ ವನ್ಯಜೀವಿ ಕಾಯ್ದೆ ನೆನಪಿರಲಿ.)

ಪೋಸ್ಟ್ 3/8

ಫೋಟೋದಲ್ಲಿ ಕಾಣ್ತಿರೋ ದುಂಡು ಕಲ್ಲುಗಳು ಚಿತ್ರದುರ್ಗದ ಕೋಟೆಯೊಳಗಿನ ಮದ್ದು ಬೀಸೋ ಕಲ್ಲುಗಳು. ಸ್ಕೂಲ್ ಟ್ರಿಪ್‌ನಲ್ಲಿ ಎಲ್ರೂ ಇವುಗಳ ಮುಂದೆ ಫೋಟೋ ತೆಗೆಸ್ಕೊಂಡಿರ್ತೀವಿ, ಏನಕ್ಕೆ ಅಂತ ಮಾತ್ರ ಕೇಳಿರಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರನ್ನ ನುಣ್ಣಗೆ ಅರೆದ್ರೆ ಕೋವಿಮದ್ದು.

ಆ ಕಾಲದ ಬತ್ತಿ ಕೋವಿಗೆ ಗುಂಡು ಹಾರಬೇಕಾದ್ರೆ ಹೊಗೆಯಾಡ್ತಿರೋ ಬತ್ತಿ ಮದ್ದಿಗೆ ತಾಗಬೇಕು. ಮಳೆ ಬಂದ್ರೆ ಬತ್ತಿ ಆರುತ್ತೆ, ಮದ್ದು ಥಂಡಿ ಹಿಡಿಯುತ್ತೆ. ಅದಕ್ಕೇ ದಂಡು ಹೊರಡೋದು ಮಳೆಗಾಲ ಮುಗಿದು ದಸರಾ ಆದ ಮೇಲೆ. ಒಣ ಕಾಲ ಕೋವಿಗೆ ಒಳ್ಳೇದು, ಕೋವಿ ಹಿಡಿದೋನಿಗೆ ಅಲ್ಲ. ಕೈಯಲ್ಲಿ ಉರಿಯೋ ಬತ್ತಿ, ಸೊಂಟದಲ್ಲಿ ಮದ್ದಿನ ಚೀಲ, ಕಾಲ ಕೆಳಗೆ ಒಣ ಹುಲ್ಲು. ಅವಸರ ಮಾಡಿದೋನು ಉಳೀತಿರಲಿಲ್ಲ.

ಹೈದರ್ ಅಲಿ 1777ರಲ್ಲಿ ದುರ್ಗಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತರೂ ಕೋಟೆ ಸಿಗಲಿಲ್ಲ. 1779ರಲ್ಲಿ ಮದಕರಿ ನಾಯಕ ಸೋತ. ಆಮೇಲೆ ಏನಾಯ್ತು ಅನ್ನೋದನ್ನ ಟ್ರಿಪ್‌ನಲ್ಲಿ ಯಾರೂ ಹೇಳಲ್ಲ: ಸಾವಿರಾರು ಬೇಡರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಅವರಲ್ಲಿ ಹುಡುಗರನ್ನ ಆರಿಸಿ ಚೇಲಾ ಅನ್ನೋ ಪಡೆ ಕಟ್ಟಿ ಕವಾಯತು ಕಲಿಸಿದರು. ಅವರಲ್ಲಿ ಬಹಳ ಜನ ನಮ್ಮ ನಿಮ್ಮ ವಯಸ್ಸಿನವರು. ಅಪ್ಪನ ಜೊತೆ ಬಯಲಲ್ಲಿ ಗುರಿ ಕಲೀಬೇಕಾದ ಹುಡುಗರು ಗೆದ್ದೋರ ಹುಕುಂ ಮೇಲೆ ಕಲಿತರು.

ಪೋಸ್ಟ್ 4/8

ಈಗ ಸ್ವಲ್ಪ ಉತ್ತರಕ್ಕೆ, ಮುಧೋಳದ ಹತ್ತಿರದ ಹಲಗಲಿಗೆ. ಇವತ್ತಿನ ಬಾಗಲಕೋಟೆ ಜಿಲ್ಲೆ. 1857ರ ದಂಗೆ ಆದ ಮೇಲೆ ಕಂಪನಿ ಸರ್ಕಾರ ಆಯುಧಗಳನ್ನ ತಂದೊಪ್ಪಿಸಿ ಅಂತ ಕಾನೂನು ಮಾಡಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಅಂದ್ರೆ ಊರು ಕಾಯೋ ಕೆಲಸ, ಮರ್ಯಾದೆ ಎರಡೂ. ನವೆಂಬರ್ ಕೊನೆಯಲ್ಲಿ ಪಡೆ ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಲ್ಲಿ 19 ಜನರನ್ನ ಗಲ್ಲಿಗೆ ಹಾಕಿದರು. ಜಡಗ, ಬಾಲ ಅನ್ನೋ ಹೆಸರುಗಳು ಲಾವಣಿಯಲ್ಲಿ ಉಳಿದವು.

ಅದೇ ಕಾಲಕ್ಕೆ, 1861ರಲ್ಲಿ, ಕೊಡಗಿನವರಿಗೆ ಆಯುಧ ಕಾನೂನಿಂದ ವಿನಾಯಿತಿ ಸಿಕ್ಕಿತು. ಆ ವಿನಾಯಿತಿಯನ್ನ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಒಂದು ಕಡೆ ಕೋವಿ ಹಬ್ಬಕ್ಕೆ ಉಳೀತು, ಇನ್ನೊಂದು ಕಡೆ ಕೋವಿಗಾಗಿ ಊರೇ ಸುಟ್ಟಿತು. 1878ರ ಆಯುಧ ಕಾಯ್ದೆ ಬಂದ ಮೇಲಂತೂ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಕೊಂಡ್ರೆ ಜೈಲು. ಯುರೋಪಿಯನ್ನರಿಗೆ ಮಾತ್ರ ಆ ಕಟ್ಟುಪಾಡು ಇರಲಿಲ್ಲ.

ನಾನು ಬಂದೂಕು ಎಲ್ಲರ ಕೈಗೂ ಬರಬೇಕಿತ್ತು ಅಂತ ಹೇಳ್ತಿಲ್ಲ. ನನ್ನ ಮಾತು ಬೇರೆ: ಬಂದೂಕು ಕೈಯಿಂದ ಹೋದಾಗ ಅದರ ಜೊತೆಗಿದ್ದ ಕಲಿಕೆಯೂ ಹೋಯ್ತು. ಅಪ್ಪ ಮಗನಿಗೆ "ಈಗ ಬೇಡ, ಬಿಸಿಲು ಇಳೀಲಿ" ಅಂತ ಹೇಳೋ ಕಲಿಕೆ.

ಪೋಸ್ಟ್ 5/8

ಹೊತ್ತೇ ಆಯುಧ ಆಗಬಹುದು ಅನ್ನೋದಕ್ಕೆ ಒಂದು ಉದಾಹರಣೆ ನಮ್ಮ ಸೀಮೆಯಿಂದ ದೂರ, ಬುಂದೇಲಖಂಡದಲ್ಲಿದೆ. 1858ರ ಮೇ 7, ಕೂಂಚ್ ಅನ್ನೋ ಊರು. ಒಂದು ಕಡೆ ತಾತ್ಯಾ ಟೋಪೆ ಮತ್ತು ಝಾನ್ಸಿಯ ರಾಣಿ, ಇನ್ನೊಂದು ಕಡೆ ಹ್ಯೂ ರೋಸ್‌ನ ಬ್ರಿಟಿಷ್ ಪಡೆ. ನೆರಳಲ್ಲೇ ಸುಮಾರು 43 ಡಿಗ್ರಿ. ಉಣ್ಣೆ ಬಟ್ಟೆ, ಚರ್ಮದ ಪಟ್ಟಿ ಕಟ್ಕೊಂಡಿದ್ದ ಹಲವು ಗೋರಾ ಸಿಪಾಯಿಗಳು ಗುಂಡಿಗೆ ಅಲ್ಲ, ಬಿಸಿಲಿಗೆ ಬಿದ್ದು ಸತ್ತರು. ರೋಸ್ ತಾನೇ ಕುದುರೆ ಮೇಲಿಂದ ಇಳಿದು ಮಲಗಬೇಕಾಯ್ತು, ಅದೂ ಒಂದು ಸಲ ಅಲ್ಲ.

ದಂಗೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೆಳಗ್ಗೆ 10 ಗಂಟೆಗೆ ಮುಂಚೆ ಇವರ ಮೇಲೆ ಬೀಳಬೇಡಿ, ಬಿಸಿಲು ಏರಲಿ ಅಂತ ಅವರ ಕಡೆ ಆದೇಶ ಇತ್ತು ಅಂತ ರೋಸ್ ತನ್ನ ವರದಿಯಲ್ಲೇ ಬರೆದಿದ್ದಾನೆ. ಆದ್ರೂ ಆ ದಿನ ಗೆದ್ದಿದ್ದು ಬ್ರಿಟಿಷರೇ. ಅವರ ಕೈಯಲ್ಲಿದ್ದ ಬಂದೂಕು ಹೊಸದು, ದೂರ ಹೊಡೆಯೋದು. ಹೊತ್ತು ಒಂದೇ ಗೊತ್ತಿದ್ರೆ ಸಾಲದು ಅನ್ನೋದೂ ಚರಿತ್ರೆಯ ಪಾಠವೇ. ಆದ್ರೆ ಗೆದ್ದ ಪಡೆಯೂ ಬಿಸಿಲಿಗೆ ಹೆಣ ಕೊಟ್ಟೇ ಗೆದ್ದಿತು.

ಪೋಸ್ಟ್ 6/8

ಸ್ವಾತಂತ್ರ್ಯ ಬಂದ ಮೇಲೆ ಬಂದೂಕು ನಮ್ಮಂಥ ಹುಡುಗ ಹುಡುಗಿಯರ ಹತ್ತಿರ ಬೇರೆ ದಾರಿಯಲ್ಲಿ ವಾಪಸ್ ಬಂತು. 1948ರಲ್ಲಿ ಎನ್‌ಸಿಸಿ ಕಾಯ್ದೆ, 1949ರಲ್ಲಿ ಹುಡುಗಿಯರ ವಿಭಾಗ. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಶುರುವಾಯ್ತು, ಅದರ ಮುಂದಾಳು ಲೋಕಸಭೆಯ ಮೊದಲ ಸ್ಪೀಕರ್ ಜಿ. ವಿ. ಮಾವಳಂಕರ್. ಅವರ ಹೆಸರಿನ ಪಂದ್ಯ ಇವತ್ತಿಗೂ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಮೆಟ್ಟಿಲು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಮೇಲೆ, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲೆ ಕೇಳ್ಬೇಕಾ, ಎಲ್ರಿಗೂ ರೈಫಲ್ ಹುಚ್ಚು.

ನಮ್ಮ ಮಟ್ಟಕ್ಕೆ ಬಂದ್ರೆ .22 ರೈಫಲ್, 25 ಮೀಟರ್, ನೆಲಕ್ಕೆ ಮಲಗಿ ಐದು ಗುಂಡು, ಗ್ರೂಪಿಂಗ್ ಎಷ್ಟು ಬಿತ್ತು ಅಂತ ಲೆಕ್ಕ. ಇದರಲ್ಲಿ ದ್ವೇಷ ಇಲ್ಲ, ಬೇಟೆ ಇಲ್ಲ, ಎದುರಿಗೆ ಕಾಗದ ಮಾತ್ರ. ಬ್ರಹ್ಮಗಿರಿ ಕಲ್ಲಿನ ಮಾತಿಗೂ ಇದಕ್ಕೂ ಜಗಳ ಇಲ್ಲ.

ಆದ್ರೆ ನನಗೆ ಕಾಣೋದು ಇದು: ಬಂದೂಕು ವಾಪಸ್ ಬಂತು, ಹೊತ್ತಿನ ತಿಳಿವಳಿಕೆ ಅದರ ಜೊತೆ ಬರಲಿಲ್ಲ. ಬಂದಿದ್ದು ಆಫೀಸಿನ ಹೊತ್ತು. 10 ಗಂಟೆಗೆ ಹಾಜರಿ, 11ಕ್ಕೆ ಭಾಷಣ, 12ಕ್ಕೆ ಫೈರಿಂಗ್. ಮೇಲಿಂದ "ಬಿಸಿಲು ತಡ್ಕೊಳ್ಳೋಕಾಗದೋನು ಏನು ಗುರಿ ಹೊಡೀತಾನೆ" ಅನ್ನೋ ಗತ್ತು. ನೀರು ಕೇಳಿದ್ರೆ ನಾಚಿಕೆ ಅನ್ನಿಸೋ ಥರ ಮಾಡ್ತಾರೆ, ಹುಡುಗಿಯರಂತೂ ಕೇಳೋದೇ ಇಲ್ಲ.

ಪೋಸ್ಟ್ 7/8

ಈ ಗತ್ತು ಅಮೆರಿಕದಲ್ಲೂ ಇತ್ತು. ಅಲ್ಲಿನ ಪ್ಯಾರಿಸ್ ಐಲ್ಯಾಂಡ್ ಮೆರೀನ್ ಪಡೆಯ ತರಬೇತಿ ಜಾಗ, ಗುರಿ ಹೊಡೆಯೋದಕ್ಕೇ ಹೆಸರುವಾಸಿ. ಬೇಸಿಗೆಯಲ್ಲಿ ಹೊಸ ಹುಡುಗರು ಸಾಲುಸಾಲಾಗಿ ಕುಸಿದು ಬೀಳ್ತಿದ್ರು. 1950ರ ದಶಕದಲ್ಲಿ ಯಾಗ್ಲೂ ಮತ್ತು ಮಿನಾರ್ಡ್ ಅನ್ನೋ ಸಂಶೋಧಕರು ಒಂದು ಲೆಕ್ಕ ಕೊಟ್ಟರು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ 70 ಪಾಲು, ಬಿಸಿಲಲ್ಲಿಟ್ಟ ಕಪ್ಪು ಗೋಳದ ಥರ್ಮಾಮೀಟರಿಗೆ 20 ಪಾಲು, ಸಾಮಾನ್ಯ ಥರ್ಮಾಮೀಟರಿಗೆ 10 ಪಾಲು. ಆ ಸಂಖ್ಯೆ ಏರಿದಂಗೆ ಬಣ್ಣ ಬಣ್ಣದ ಬಾವುಟ. ಕಪ್ಪು ಬಾವುಟ ಹಾರಿದ್ರೆ ಮೈ ದಣಿಯೋ ತರಬೇತಿ ಬಂದ್. ಕುಸಿಯೋರ ಸಂಖ್ಯೆ ಇಳೀತು, ಗುರಿಯೇನೂ ಕೆಡಲಿಲ್ಲ.

ಒದ್ದೆ ಬಟ್ಟೆ ಯಾಕೆ? ನಮ್ಮನೆ ಮಡಕೆ ನೆನಪಿಸ್ಕೊಳ್ಳಿ. ಹೊರಗೆ ಜಿನುಗಿದ ನೀರು ಆರಿದಂಗೆ ಒಳಗೆ ತಂಪು. ಮೈಯೂ ಬೆವರಿಂದ ಅದನ್ನೇ ಮಾಡುತ್ತೆ. ನಮ್ಮ ಕಡೆ ಒಣಗಾಳಿ, ಬೆವರು ಬಂದಿದ್ದೇ ಗೊತ್ತಾಗದಂಗೆ ಆರಿಹೋಗುತ್ತೆ. "ನಾನೇನು ಬೆವರ್ತಿಲ್ಲ" ಅಂದ್ಕೊಂಡಿರ್ತೀವಿ, ಒಳಗೆ ನೀರು ಖಾಲಿಯಾಗ್ತಿರುತ್ತೆ.

ನೀರು ಕಡಿಮೆಯಾದ್ರೆ ಎದೆ ಬಡಿತ ಏರುತ್ತೆ, ಬಡಿತ ಏರಿದ್ರೆ ನಳಿಕೆ ಅಲುಗಾಡುತ್ತೆ. ಫೋರ್‌ಸೈಟಿಗೂ ಬ್ಯಾಕ್‌ಸೈಟಿಗೂ ನಡುವೆ 60 ಸೆಂ.ಮೀ. ಇದೆ ಅಂದ್ಕೊಳ್ಳಿ. ಅಲ್ಲಿ 1 ಮಿ.ಮೀ. ತಪ್ಪಿದ್ರೆ 25 ಮೀಟರಲ್ಲಿ ಸುಮಾರು 4 ಸೆಂ.ಮೀ. ತಪ್ಪುತ್ತೆ. ದೂರದ ಗುರಿಗೆ ಬಿಸಿಲ್ಗುದುರೆ ಕಾಟ ಬೇರೆ: ಬಿಸಿ ಗಾಳಿಯಲ್ಲಿ ಬೆಳಕು ಬಾಗಿ ಗುರಿ ಇಲ್ಲದ ಜಾಗದಲ್ಲಿ ಇದ್ದಂಗೆ ಕಾಣುತ್ತೆ. ಮಧ್ಯಾಹ್ನದ ಕೆಟ್ಟ ಗ್ರೂಪಿಂಗ್ ನಿಮ್ಮ ಯೋಗ್ಯತೆ ಅಲ್ಲ ಕಣ್ರೋ, ಹೊತ್ತಿನ ತಪ್ಪು.

ಇನ್ನೊಂದು ಮುಖ್ಯ ವಿಷಯ. ಮೈ ಬಿಸಿಲಿಗೆ ಒಗ್ಗೋಕೆ ಒಂದರಿಂದ ಎರಡು ವಾರ ಬೇಕು, ದಿನಾ ಸ್ವಲ್ಪ ಸ್ವಲ್ಪ. ವಾರವೆಲ್ಲಾ ಫ್ಯಾನ್ ಕೆಳಗೆ ಕೂತು ಶನಿವಾರ ದಿಢೀರ್ ಅಂತ ಬಯಲಿಗೆ ಬಂದ್ರೆ ಮೈಗೆ ಅದು ಮೊದಲನೇ ದಿನವೇ. ಅಪಾಯ ಇರೋದು ವಾರಾಂತ್ಯದ ಕ್ಯಾಂಪಲ್ಲೇ ಜಾಸ್ತಿ.

ಪೋಸ್ಟ್ 8/8

ಹಂಗಾದ್ರೆ ಎರಡು ದಿನದ ತರಬೇತಿ ಬೇಡ್ವಾ? ಬೇಕು. ಹೊತ್ತು ನೋಡಿ ಮಾಡೋಣ. ಸೇವ್ ಮಾಡ್ಕೊಳ್ಳಿ:

ಮೊದಲು ಕಾನೂನು. ರೈಫಲ್ ಅಂದ್ರೆ ಎನ್‌ಸಿಸಿ ಅಥವಾ ಲೈಸೆನ್ಸ್ ಇರೋ ರೈಫಲ್ ಕ್ಲಬ್ ಮೂಲಕ, ಅವರ ರೇಂಜಲ್ಲಿ, ಕಲಿತ ಉಸ್ತಾದರ ಕಣ್ಣೆದುರಿಗೆ ಮಾತ್ರ. 1959ರ ಆಯುಧ ಕಾಯ್ದೆ ಇದೆ, ಆಟ ಆಡಬೇಡಿ.

ಬೆಳಗ್ಗೆ 6ಕ್ಕೆ ಮೊದಲ ಗುಂಡು, 8:30ಕ್ಕೆ ರೈಫಲ್ ಕೆಳಗೆ. ಒಂದು ಸಲಕ್ಕೆ ಸಣ್ಣ ಗುಂಪು, ಉಳಿದವರು ನೆರಳಲ್ಲಿ. ನೆಲದ ಕಾವು ಮೈಗೆ ಹತ್ತದಂಗೆ ಕೆಳಗೆ ನಮ್ಮ ಚಳ್ಳಕೆರೆ ಕಂಬಳಿ ಹಾಸಿ.

10ರಿಂದ 4ರವರೆಗೆ ಬಯಲು ಬಂದ್. ಮರದ ಕೆಳಗೆ ಅಥವಾ ಕೋಣೆಯಲ್ಲಿ ಗುಂಡಿಲ್ಲದ ಡ್ರೈ ಫೈರಿಂಗ್, ಉಸಿರು ಹಿಡಿಯೋದು, ಟ್ರಿಗರ್ ಒತ್ತೋದು, ರೇಂಜಿನ ಶಿಸ್ತು. ಗುರಿಯ ಅರ್ಧ ಪಾಠ ಇಲ್ಲೇ ಇದೆ.

ಬಾಯಾರೋ ತನಕ ಕಾಯಬೇಡಿ. ಮಡಕೆ ನೀರು, ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರನ್ನೊಬ್ಬರು ನೋಡ್ಕೊಳ್ಳಲಿ.

ಯಾರಾದ್ರೂ ತೊದಲಿದ್ರೆ, ತಬ್ಬಿಬ್ಬಾದ್ರೆ, ಕುಸಿದ್ರೆ ಅದು ನಾಟಕ ಅಲ್ಲ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಗೆಲ್ಲಾ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹವಾಮಾನ ಇಲಾಖೆ ಬಿಸಿಗಾಳಿ ಎಚ್ಚರಿಕೆ ಕೊಟ್ಟಿದ್ರೆ ಆ ವಾರ ರದ್ದು. ನಾಚಿಕೆ ಪಡೋ ವಿಷಯ ಇದರಲ್ಲೇನೂ ಇಲ್ಲ. ಬತ್ತಿ ಕೋವಿ ಕಾಲದಲ್ಲಿ ಮಳೆ ಬಂದ್ರೆ ಇಡೀ ದಂಡೇ ನಿಲ್ತಿತ್ತು.

ಟ್ರಿಗರ್ ಮೇಲೆ ಬೆರಳಿಟ್ಟು, ಈಗ ಬೇಡ ಅನ್ನಿಸಿದ್ರೆ ಬೆರಳು ತೆಗೆಯೋದೂ ಗುರಿಗಾರನ ಕೆಲಸವೇ. ಕ್ಯಾಂಪ್ ನಡೆಸೋರಿಗೂ ಅದೇ ಮಾತು.

ಇವತ್ತು ಮನೆಯಲ್ಲಿ ಅಜ್ಜ ಅಜ್ಜಿನ ಒಂದು ಪ್ರಶ್ನೆ ಕೇಳಿ: "ಬೇಸಿಗೇಲಿ ಹೊಲಕ್ಕೆ ಎಷ್ಟೊತ್ತಿಗೆ ಹೋಗ್ತಿದ್ರಿ, ಎಷ್ಟೊತ್ತಿಗೆ ವಾಪಸ್ ಬರ್ತಿದ್ರಿ?" ಅವರು ಹೇಳಿದ ಟೈಮ್ ಕಾಮೆಂಟಲ್ಲಿ ಹಾಕಿ. ನಮ್ಮ ಕ್ಯಾಂಪಿನ ಟೈಮ್‌ಟೇಬಲ್ಲು ಅದರಿಂದಲೇ ಮಾಡೋಣ.

#ಚಳ್ಳಕೆರೆ #ಮೊಳಕಾಲ್ಮೂರು #ಬ್ರಹ್ಮಗಿರಿ #ನಮ್ಮದುರ್ಗ #ಎನ್‌ಸಿಸಿ #ಬಿಸಿಲ್ಗುದುರೆ