ನೆಲದಡಿಯ ಪೆಟ್ರೋಲು, ನೆಲದಡಿಯ ನೀರು: ಕ್ಯಾಲಿಫೋರ್ನಿಯಾ ಕಲಿತ ಪಾಠ

ಕ್ಯಾಲಿಫೋರ್ನಿಯಾದ ಊರುಗಳಲ್ಲಿ ಹಿಂದೆ ಪೆಟ್ರೋಲ್ ಬಂಕುಗಳಿದ್ದ ಮೂಲೆ ನಿವೇಶನಗಳನ್ನು ಗಮನಿಸಿದರೆ, ನೆಲಮಟ್ಟದಲ್ಲಿ ಕೂರಿಸಿದ ತಟ್ಟೆಯಗಲದ ದುಂಡನೆಯ ಲೋಹದ ಮುಚ್ಚಳಗಳು ಕಾಣಿಸುವುದುಂಟು. ಅವು ಚರಂಡಿಯವಲ್ಲ, ವೀಕ್ಷಣಾ ಬಾವಿಗಳವು. ಹೂತಿಟ್ಟ ಟ್ಯಾಂಕುಗಳಿಂದ ಸೋರಿದ ಇಂಧನ ಅಂತರ್ಜಲವನ್ನು ಸೇರಿದೆಯೇ, ಸೇರಿದ್ದರೆ ಎತ್ತ ಸಾಗುತ್ತಿದೆ ಎಂದು ತಿಳಿಯಲು ಕೊರೆದ ಬಾವಿಗಳವು.

ವೈದ್ಯನಾದ ನನ್ನನ್ನು ಈ ಚರಿತ್ರೆಯತ್ತ ಎಳೆದದ್ದು ಬೆಂಜೀನ್. ಇಸ್ತಾಂಬುಲಿನ ಪಾದರಕ್ಷೆ ಕಾರ್ಮಿಕರು ಬೆಂಜೀನ್ ಬೆರೆತ ಅಂಟು ಬಳಸಿ ರಕ್ತದ ಕ್ಯಾನ್ಸರಿಗೆ ತುತ್ತಾಗುತ್ತಿದ್ದುದನ್ನು ವೈದ್ಯ ಮುಜಫ್ಫರ್ ಅಕ್ಸೋಯ್ 1970ರ ದಶಕದಲ್ಲಿ ದಾಖಲಿಸಿದರು. ಅದೇ ಬೆಂಜೀನ್ ಪೆಟ್ರೋಲಿನಲ್ಲೂ ಇದೆ. ಕುಡಿಯುವ ನೀರಿನಲ್ಲಿ ಅದಕ್ಕೆ ಅಮೆರಿಕ ವಿಧಿಸಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಕ್ಯಾಲಿಫೋರ್ನಿಯಾದಲ್ಲಿ ಅದು 1 ಮಾತ್ರ.

ಮಹಾಯುದ್ಧದ ನಂತರ ದೇಶದ ಉದ್ದಗಲಕ್ಕೂ ಹೂತಿಟ್ಟ ಟ್ಯಾಂಕುಗಳಲ್ಲಿ ಬಹುಪಾಲು ಬರಿಯ ಉಕ್ಕಿನವು. ಉಕ್ಕು ತುಕ್ಕು ಹಿಡಿಯುವುದು ಸಹಜ, ಆದರೆ ಮಣ್ಣಿನೊಳಗಿನ ತೂತು ಯಾರ ಕಣ್ಣಿಗೂ ಬೀಳದು. ಕಣ್ಣು ತೆರೆಸಿದ ಘಟನೆ ನಮ್ಮ ಅನೇಕ ಕನ್ನಡಿಗರು ನೆಲೆಸಿರುವ ಸಿಲಿಕಾನ್ ಕಣಿವೆಯಲ್ಲೇ ನಡೆಯಿತು. 1981ರ ಕೊನೆಯಲ್ಲಿ, ದಕ್ಷಿಣ ಸ್ಯಾನ್ ಹೋಸೆಯ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಾರ್ಖಾನೆಯ ಭೂಗತ ಟ್ಯಾಂಕಿನಿಂದ ಸೋರಿದ ದ್ರಾವಕ ಹತ್ತಿರದ ಕುಡಿಯುವ ನೀರಿನ ಬಾವಿಯನ್ನು ಮುಟ್ಟಿದ್ದು ಬಯಲಾಯಿತು. ಅದು ಪೆಟ್ರೋಲಲ್ಲ. ಆದರೂ ಹೂತಿಟ್ಟ ಟ್ಯಾಂಕುಗಳ ಮೇಲೆಲ್ಲ ಸಂಶಯ ಮೂಡಿತು. 1983ರಲ್ಲಿ ಕ್ಯಾಲಿಫೋರ್ನಿಯಾ, 1984ರಲ್ಲಿ ಅಮೆರಿಕದ ಕಾಂಗ್ರೆಸ್ ಶಾಸನ ಮಾಡಿದವು. 1988ರ ಕೇಂದ್ರ ನಿಯಮಗಳು, ಹಳೆಯ ಟ್ಯಾಂಕುಗಳನ್ನು ತೆಗೆಯಲು ಇಲ್ಲವೇ ಸುಧಾರಿಸಲು 1998ರ ಡಿಸೆಂಬರ್ 22ರ ಗಡುವು ಕೊಟ್ಟವು. ಅಗೆದಂತೆಲ್ಲ ಸೋರಿಕೆಗಳು ಬೆಳಕಿಗೆ ಬಂದವು. ಇದುವರೆಗೆ ದೇಶದಲ್ಲಿ ದೃಢಪಟ್ಟವು ಐದು ಲಕ್ಷಕ್ಕೂ ಹೆಚ್ಚು.

ವೀಕ್ಷಣೆಯ ಕ್ರಮ ರೋಗಿಯ ತಪಾಸಣೆಯಂತೆಯೇ ಇದೆ. ಕನಿಷ್ಠ ಮೂರು ಬಾವಿಗಳಲ್ಲಿ ನೀರಿನ ಮಟ್ಟ ಅಳೆದರೆ ಅಂತರ್ಜಲ ಹರಿಯುವ ದಿಕ್ಕು ಗೊತ್ತಾಗುತ್ತದೆ. ಟ್ಯಾಂಕಿನ ಮೇಲ್ದಿಕ್ಕಿನಲ್ಲೊಂದು, ಕೆಳದಿಕ್ಕಿನಲ್ಲಿ ಕೆಲವು ಬಾವಿಗಳಿರುತ್ತವೆ. ಸೀಳುಗಳಿರುವ ಪ್ಲಾಸ್ಟಿಕ್ ಕೊಳವೆಯಿಂದ ನಿಂತ ನೀರನ್ನು ಹೊರತೆಗೆದು, ಹೊಸದಾಗಿ ಒಸರಿದ ನೀರನ್ನು 40 ಮಿಲಿಲೀಟರಿನ ಸೀಸೆಗಳಲ್ಲಿ ಒಂದು ಗುಳ್ಳೆಯೂ ಇಲ್ಲದಂತೆ ತುಂಬುತ್ತಾರೆ. ಗುಳ್ಳೆಯಿದ್ದರೆ ಬೆಂಜೀನ್ ಅದರೊಳಕ್ಕೆ ಆವಿಯಾಗಿ ಲೆಕ್ಕ ತಪ್ಪುತ್ತದೆ. ಸೀಸೆಗಳು ಮಂಜುಗಡ್ಡೆಯಲ್ಲಿ ಪ್ರಯೋಗಾಲಯ ಸೇರುತ್ತವೆ. ಮಳೆಗಾಲಕ್ಕೆ ನೀರು ಏರಿ ಬೇಸಗೆಗೆ ಇಳಿಯುವುದರಿಂದ ಒಂದೇ ಸಲದ ಪರೀಕ್ಷೆ ಸಾಲದು. ಮತ್ತೆ ಮತ್ತೆ, ವರ್ಷಗಟ್ಟಲೆ, ಅದೇ ಬಾವಿಯನ್ನು ಕೇಳುತ್ತಿರಬೇಕು.

ಇಷ್ಟೆಲ್ಲ ಎಚ್ಚರದ ನಡುವೆಯೂ ಒಂದು ವಿಷ ನುಸುಳಿತು. 1995ರ ಅಕ್ಟೋಬರಿನಲ್ಲಿ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದ ವರದಿ ಸಮಾಧಾನದ ಮಾತು ಹೇಳಿತ್ತು: ಬೆಂಜೀನನ್ನು ಮಣ್ಣಿನ ಬ್ಯಾಕ್ಟೀರಿಯಾ ತಿಂದುಹಾಕುತ್ತವೆ, ಬಹುಪಾಲು ಸೋರಿಕೆಗಳಲ್ಲಿ ಅದು ಸುಮಾರು 250 ಅಡಿ ದಾಟುವುದಿಲ್ಲ. ಬೆಂಜೀನಿನ ಮಟ್ಟಿಗೆ ಇದು ನಿಜವೇ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಸ್ಯಾಂಟಾ ಮೋನಿಕಾ ನಗರದ ಚಾರ್ನಾಕ್ ಬಾವಿಗಳಲ್ಲಿ ಎಂಟಿಬಿಇ ಎಂಬ ರಾಸಾಯನಿಕ ಪತ್ತೆಯಾಗಿತ್ತು. 1996ರಲ್ಲಿ ಅದು ಲೀಟರಿಗೆ 600 ಮೈಕ್ರೋಗ್ರಾಂ ಮೀರಿತು. ಆ ಜೂನ್ ಹೊತ್ತಿಗೆ ಐದು ಬಾವಿಗಳೂ ಮುಚ್ಚಿದವು. ನಗರ ತನ್ನ ನೀರಿನ ಸುಮಾರು ಅರ್ಧವನ್ನು ಕಳೆದುಕೊಂಡು ಹೊರಗಿನಿಂದ ಕೊಳ್ಳಬೇಕಾಯಿತು.

ಎಂಟಿಬಿಇಯನ್ನು ಪೆಟ್ರೋಲಿಗೆ ಸೇರಿಸಲು ತೊಡಗಿದ್ದು 1979ರ ಸುಮಾರಿಗೆ, ಸೀಸಕ್ಕೆ ಬದಲಿಯಾಗಿ. 1990ರ ಶುದ್ಧ ವಾಯು ಕಾಯಿದೆಯ ತಿದ್ದುಪಡಿ, ಹೊಗೆ ಕಡಿಮೆ ಮಾಡಲೆಂದು ಅದರ ಬಳಕೆಯನ್ನು ಹಲವು ಪಟ್ಟು ಹೆಚ್ಚಿಸಿತು. ಗಾಳಿಗೆ ಕೊಟ್ಟ ಔಷಧ ನೀರಿಗೆ ಕಾಯಿಲೆಯಾಯಿತು. ಅದು ಬೆಂಜೀನಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ನೀರಿನಲ್ಲಿ ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ, ಬ್ಯಾಕ್ಟೀರಿಯಾಕ್ಕೂ ಸುಲಭವಾಗಿ ಜೀರ್ಣವಾಗದು. 1990ರ ದಶಕದ ಮಧ್ಯದವರೆಗೂ ಬಹುಪಾಲು ಸ್ಥಳಗಳ ಪರೀಕ್ಷಾ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಬಾವಿಗಳಿದ್ದವು, ಸೀಸೆಗಳಿದ್ದವು, ಪ್ರಶ್ನೆ ಮಾತ್ರ ಇರಲಿಲ್ಲ. ಸಕ್ಕರೆ ಪರೀಕ್ಷೆಗೆಂದು ಕಳಿಸಿದ ರಕ್ತ ಥೈರಾಯ್ಡಿನ ಸುದ್ದಿ ಹೇಳದು.

ಕ್ಯಾಲಿಫೋರ್ನಿಯಾ ಎಂಟಿಬಿಇಗೆ ರುಚಿ-ವಾಸನೆಯ ದೃಷ್ಟಿಯಿಂದ 5, ಆರೋಗ್ಯದ ದೃಷ್ಟಿಯಿಂದ 13 ಮೈಕ್ರೋಗ್ರಾಂ ಮಿತಿ ವಿಧಿಸಿತು. 1999ರಲ್ಲಿ ಗವರ್ನರ್ ಗ್ರೇ ಡೇವಿಸ್ ಅದನ್ನು ಕೈಬಿಡಲು ಆದೇಶಿಸಿದರು. 2003ರ ಅಂತ್ಯದ ವೇಳೆಗೆ ಅದು ರಾಜ್ಯದ ಪೆಟ್ರೋಲಿನಿಂದ ಮರೆಯಾಯಿತು. ಸ್ಯಾಂಟಾ ಮೋನಿಕಾದಲ್ಲಿ ಶುದ್ಧೀಕರಣ ಘಟಕ ಸಿದ್ಧವಾಗಿ ಚಾರ್ನಾಕ್ ನೀರು ಮತ್ತೆ ನಲ್ಲಿಗೆ ಬರಲು ಸುಮಾರು ಹದಿನಾಲ್ಕು ವರ್ಷ ಹಿಡಿಯಿತು.

2012ರಿಂದ ಜಾರಿಯಲ್ಲಿರುವ ರಾಜ್ಯದ ನೀತಿಯಂತೆ, ಅಪಾಯ ಕಡಿಮೆಯೆನಿಸಿದ ಸ್ಥಳಗಳ ಕಡತವನ್ನು ಸ್ವಲ್ಪ ಇಂಧನ ಮಣ್ಣಿನಲ್ಲಿ ಉಳಿದಿದ್ದರೂ ಮುಚ್ಚಬಹುದು. ಇದು ಅವೈಜ್ಞಾನಿಕವಲ್ಲ, ಎಲ್ಲ ಗಡ್ಡೆಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ಗುಡ್ಡಗಾಡಿನಲ್ಲಿ ಖಾಸಗಿ ಬಾವಿಯಿರುವ ಮನೆ ಕೊಳ್ಳುವ ನಮ್ಮವರು ಒಂದು ಮಾತು ನೆನಪಿಡಬೇಕು: ಅಂಥ ಬಾವಿಯ ನೀರಿನ ಗುಣಮಟ್ಟ ರಾಜ್ಯದ ಹೊಣೆಯಲ್ಲ, ಮಾಲೀಕನದು. ಸುತ್ತಮುತ್ತಲ ಹಳೆಯ ಟ್ಯಾಂಕುಗಳ ಕಡತಗಳು ರಾಜ್ಯ ಜಲ ಮಂಡಳಿಯ ಜಿಯೋಟ್ರ್ಯಾಕರ್ ದಾಖಲೆಯಲ್ಲಿ ಎಲ್ಲರಿಗೂ ಮುಕ್ತವಾಗಿವೆ. ಅವನ್ನು ನೋಡಿ, ನೀರನ್ನು ಪರೀಕ್ಷೆಗೆ ಕೊಡಿ. ವರದಿ ಬಂದಾಗ "ಏನೂ ಇಲ್ಲ" ಎಂಬ ಸಾಲಿಗೆ ನಿಲ್ಲದೆ, ಯಾವ ಯಾವುದನ್ನು ಹುಡುಕಿದ್ದಾರೆ ಎಂಬ ಪಟ್ಟಿಯನ್ನೂ ಓದಿ.