ಸೊರಟೂರಿನ ಗೆಲುವು, ಹಾನಗಲ್ಲಿನ ಮುತ್ತಿಗೆ

ಕಲ್ಯಾಣ ಚಾಲುಕ್ಯರ ಬಲ ಕುಂದಿದಾಗ ಈಗಿನ ಹಾವೇರಿ ಜಿಲ್ಲೆಯ ಮಾಸೂರಿನ ಸುತ್ತಲ ಸೀಮೆಗೆ ತೆಂಕಣದಿಂದ ಹೊಯ್ಸಳರು, ಬಡಗಣದಿಂದ ಸೇವುಣರು ಕೈಚಾಚಿದರು. 1190ರ ಸುಮಾರಿಗೆ ಈಗಿನ ಗದಗ ಜಿಲ್ಲೆಯ ಸೊರಟೂರಿನಲ್ಲಿ ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳ ಸೇವುಣರ ಭಿಲ್ಲಮನ ಸೇನೆಯನ್ನು ಮುರಿದ. ಸೇವುಣರ ಮುನ್ನಡೆ ಅಲ್ಲಿಗೆ ನಿಂತಿತು. 1192ರ ಹೊತ್ತಿಗೆ ಲಕ್ಕುಂಡಿಯೇ ಬಲ್ಲಾಳನ ಬೀಡು.

ಹಾನಗಲ್ಲಿನ ಕದಂಬರು ಮಾತ್ರ ಸುಲಭಕ್ಕೆ ಮಣಿಯಲಿಲ್ಲ. 1196ರಲ್ಲಿ ಬಲ್ಲಾಳ ಮುತ್ತಿಗೆ ಹಾಕಿದಾಗ ಕದಂಬ ಅರಸ ಕಾಮದೇವನ ದಂಡನಾಯಕ ಸೋಹಣಿ ಹೊಯ್ಸಳ ಪಡೆಯನ್ನು ಹಿಮ್ಮೆಟ್ಟಿಸಿ ತಾನು ಮಡಿದ. ಕೆಚ್ಚಿನ ಗೆಲುವೇನೋ ಹೌದು, ಆದರೆ ಸೊರಟೂರಿನಲ್ಲಿ ವಾಲಿದ ತಕ್ಕಡಿ ಅದರಿಂದ ಸರಿಯಾಗಲಿಲ್ಲ. ಕೆಲಕಾಲದಲ್ಲೇ ಹಾನಗಲ್ಲೂ ಬಲ್ಲಾಳನಿಗೆ ತಲೆಬಾಗಿತು. ಅವನ ಹಿಡಿತವೂ ಬಹುಕಾಲ ಉಳಿಯಲಿಲ್ಲ: ಭಿಲ್ಲಮನ ಮೊಮ್ಮಗ ಸಿಂಘಣ ಈ ಭಾಗವನ್ನು ಮತ್ತೆ ಸೇವುಣರ ವಶಕ್ಕೆ ತಂದ.